ಪ್ರೂಫು

ಪ್ರೆಸ್ಸಿನ ಹಿಂದಿನ ಗೋಡೆಗೆ ಶನಿವಾರ ಕರೇಬಣ್ಣ ಬಳಿಸಿದಿವಿ.
ಆಯಿತವಾರ ಸಂಜಿ ಐದು ಮಂದಿ
ಮಾರಾಟವಾಗದ ಕಾಗದದ ರೀಮಿನ ಮ್ಯಾಲೆ ಕುಂತು
ಗೋಡೆ ಹೆಂಗ ನಡೀಬೇಕು ಅಂತ ಮಾತಿಗೆ ಹತ್ತಿದಿವಿ.

ಲೆಕ್ಕ ಯಾರು ಬೇಕಾದರೂ ಬರೀಲಿ,
ಬಿಡಿಸೋದು ಎಲ್ಲಾರೂ ಕೂಡಿ.
ಇಲ್ಲೀತನಕ ಜಗಳಿಲ್ಲ.

ತಪ್ಪು ಕಂಡ ಕೂಡಲೆ ಒರಸಬೇಕು, ಅಂದರು ಕೊಟ್ರಗೌಡ ಮಾಸ್ತರು,
ಇಲ್ಲಾಂದ್ರ ಹುಡುಗರು ಅದನ್ನ ಕಲೀತಾವ.
ಬೆಟಗೇರಿಯ ಶಮಶಾದ ಸೆರಗಿನಿಂದ ನೂಲಿನ ಜೂಲು ಕೀಳಕೋತ ಅಂದಳು:
ಎಳಿ ಹರಿದರ ಸೀರಿ ಒಗಿತೀವೇನ್ರಿ? ಗಂಟು ಹಾಕತೀವಿ.
ತಿರುವಿ ನೋಡಿದಾಕಿಗೆ ಗಂಟು ಕಾಣಲಿ.

ಅಡಿವೆಪ್ಪ, ಲಕ್ಷ್ಮೇಶ್ವರದ ಬಸ್ಸಿನ ಕಂಡಕ್ಟರ:
ನಾ ಒಂದು ಮೆಟ್ಟಲಾ ಬರದೆ, ನೀ ಮುಂದಿನದು ಬರದಿ,
ಕಡೀಗೆ ಲೆಕ್ಕ ಯಾರದು?
ತಾನ ಕೇಳಿ ತಾನ ಹೇಳಿದ:
ಟಿಕೇಟಿನಂಗ ಮಾಡೋಣು.
ಎಲ್ಲಿ ಹತ್ತಿದ, ಎಲ್ಲಿ ಇಳದ. ಅಷ್ಟ ಸಾಕು.

ದಡ್ಡ ಪ್ರಶ್ನೆಗೆ ಒಂದು ಮೂಲಿ ಬಿಡ್ರಿ, ಅಲ್ಲಿ ಯಾರೂ ನಗಬಾರದು,
ಅಂದಳು ನೀಲಮ್ಮ, ಬಿ.ಎಸ್ಸಿ ಎರಡನೇ ವರ್ಷ.
ಯಾರೂ ಮಾತಾಡಲಿಲ್ಲ.
ಒಂದು ಮೂಲಿ ಸಾಲೂದಿಲ್ಲ ಅಂತ
ಒಬ್ಬೊಬ್ಬರೂ ಒಳಗೊಳಗ ಅಳತಿ ಹಾಕತಿದ್ದಿವಿ.

ನಾನು ಬರಕೋತ ಕುಂತಿದ್ದೆ. ನನ್ನ ಕೆಲಸ ಅದ.
ಮೂವತ್ತೊಂದು ವರ್ಷ ಇದ ಪ್ರೆಸ್ಸಿನಾಗ
ಗಣಿತದ ಗೈಡುಗಳ ಪ್ರೂಫು ತಿದ್ದೇನಿ.
ಉತ್ತರ ಖರೇನೋ ಸುಳ್ಳೋ ನನಗ ಸಂಬಂಧಿಲ್ಲ,
ಹಸ್ತಪ್ರತಿಯೊಳಗ ಇದ್ದಂಗ ಐತೇನು, ಅಷ್ಟ ನೋಡಬೇಕು.

ಮೊದಲ ಲೆಕ್ಕ ಅಡಿವೆಪ್ಪಂದು. ಹಾದಿಯೊಳಗ ಹೊಳದದ್ದಂತ:
ಒಂದು ಸಂಖ್ಯೆ ತಗೊ. ಅದರ ವರ್ಗಕ್ಕ ಅದನ್ನ ಕೂಡಿಸು.
ಮ್ಯಾಲೆ ನಲವತ್ತೊಂದು.
ಬಂದದ್ದು ಯಾವಾಗಲೂ ಅವಿಭಾಜ್ಯ.

ಒಂದಕ್ಕ ನಲವತ್ತಮೂರು. ಎರಡಕ್ಕ ನಲವತ್ತೇಳು.
ಮೂರಕ್ಕ ಐವತ್ತಮೂರು. ಟಿಕ್, ಟಿಕ್, ಟಿಕ್.
ವಾರದಾಗ ಗೋಡೆ ತುಂಬ ಟಿಕ್ಕು.
ಶಮಶಾದ ಎಳಿ ಎಣಿಸಿದಂಗ ಬೆರಳ ಮ್ಯಾಲೆ ಹದಿನೇಳರ ತನಕ ತಂದಳು,
ಗುರುತಿಲ್ಲದ ಯಾರೋ ಇಟ್ಟಂಗಿ ಚೂರಿಲೆ ಇಪ್ಪತ್ತೊಂಬತ್ತಕ್ಕ ಮುಟ್ಟಿಸಿದರು,
ನೀಲಮ್ಮ ಮೂವತ್ತೊಂಬತ್ತಕ್ಕ.
ಮಾಸ್ತರು ಕೈ ಝಾಡಿಸಿ ಅಂದರು, ಸಿದ್ಧವಾತು.
ಟಿಕ್ಕು ಅಂದ್ರ ಪ್ರೂಫಲ್ರಿ ಸರ್, ಅಂದಳು ಹುಡುಗಿ.

ಆ ಶಬ್ದ ನನ್ನ ಸೀರಿ ನಿರಿಗಿ ಹಿಡದು ಜಗ್ಗಿತು.

ನಮ್ಮಲ್ಲೆ ಪ್ರೂಫು ಅಂದ್ರ
ಮಸಿ ಆರಿರದ ಮೊದಲ ಹಾಳಿ,
ಬರ್ರಿ, ತಪ್ಪು ಹಿಡೀರಿ ಅಂತ ಕರೆಯೂದು.
ಅವರಲ್ಲೆ ಪ್ರೂಫು ಅಂದ್ರ
ಇನ್ನ ಯಾರೂ ಬಟ್ಟಿಡಲಾರದ್ದು.
ಒಂದ ಹೆಸರು, ಎರಡು ಊರು.
ನಾ ಆ ಊರಿಗೆ ಹೋದಾಕಿ ಅಲ್ಲ.

ರಾತ್ರಿ ಬಾಗಲಕ್ಕ ಕೀಲಿ ಹಾಕಿ, ಮತ್ತ ತಗದು,
ಬ್ಯಾಟರಿ ಹಿಡಕೊಂಡು ಗೋಡೆ ಮುಂದ ನಿಂತೆ.
ನಲವತ್ತು ನಲವತ್ತಲೆ ಸಾವಿರದ ಆರನೂರು.
ನಲವತ್ತು ಕೂಡಿಸು. ನಲವತ್ತೊಂದು ಕೂಡಿಸು.
ಸಾವಿರದ ಆರನೂರಾ ಎಂಬತ್ತೊಂದು.
ಮೂರಲೆ ಹೋಗೂದಿಲ್ಲ. ಏಳಲೆ ಹೋಗೂದಿಲ್ಲ.
ಹದಿಮೂರು, ಹತ್ತೊಂಬತ್ತು, ಮೂವತ್ತೇಳು, ಊಂಹೂಂ.
ನಲವತ್ತೊಂದಲೆ ಹೋತು.
ಅಷ್ಟ ಸಲ, ನಲವತ್ತೊಂದ ಸಲ, ಒಂದೂ ಉಳೀಲಿಲ್ಲ.

ಕೈ ತನ್ನಷ್ಟಕ್ಕ ತಾನ ಅಂಚಿಗೆ ಹೋತು,
ಬಾಲ ಸುತ್ತಿದ ಆ ಗುರುತು, ತಗೀರಿ ಅನ್ನೂದು,
ಅರ್ಧ ಹಾಕಿ ನಿಲ್ಲಿಸಿದೆ.
ಹಸ್ತಪ್ರತಿ ಇಲ್ಲದ ತಪ್ಪು ಹಿಡದದ್ದು ಇದ ಮೊದಲು.
ಮೂಲಿಗೆ ಹೋಗಿ, ಸಣ್ಣ ಅಕ್ಷರದಾಗ ಬರದೆ:
ನಲವತ್ತಕ್ಕ ನೋಡೀರೇನು?

ಮುಂಜಾನೆ ಮಾಸ್ತರು ಬಾಳೊತ್ತು ನಿಂತಿದ್ದರು.
ಭಾಗಾಕಾರ ಮಾಡಿದರು, ಮತ್ತೊಮ್ಮೆ ಮಾಡಿದರು.
ಡಸ್ಟರ ಎತ್ತಿದರು. ನಾ ಕಿಡಕಿಯಿಂದ ನೋಡಲಿಕ್ಕೆ ಹತ್ತಿದ್ದೆ.
ಇಳಿಸಿ, ಟಿಕ್ಕುಗಳ ಕೆಳಗ ಬರದರು:
ಹತ್ತಿದ್ದು ಒಂದಕ್ಕ. ಇಳದದ್ದು ನಲವತ್ತಕ್ಕ.

ಡಸ್ಟರ ಎಲ್ಲಿಡಬೇಕು ಅನ್ನೂದು ಇನ್ನೂ ಗೊತ್ತಾಗಿಲ್ಲ.
ಮುಂದಿನ ಆಯಿತವಾರಕ್ಕ ಇಟ್ಟೀವಿ.